ನೀಲಮ್ಮನ ಹೊಲದಲ್ಲಿ ಆಡಿದ ಮಾತು

ನನ್ನ ಮನೆಯ ಮಾಡಿನಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಇರುವ ಹಿತ್ತಾಳೆಯ ದಿಕ್ಸೂಚಿ ನನ್ನದಲ್ಲ. ಅದನ್ನು ನಾನು ಓಟದಲ್ಲಿ ಗೆದ್ದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳಿಕೊಂಡು ತಿರುಗಿದ್ದೇನೆ. ಅದು ಗುಂಜೋಟಿಯ ಮಾಳಪ್ಪನಿಗೆ, ನನ್ನ ಜೀವದ ಗೆಳೆಯನಿಗೆ, ಸಲ್ಲಬೇಕಾದದ್ದು. ಒಂದು ಮಾತು ಆಡಿ ಅವನಿಂದ ಅದನ್ನು ಕಸಿದುಕೊಂಡೆ. ಆ ಮಾತು ಅವನಿಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ — ಗೊತ್ತು. ಅದನ್ನವನು ನನ್ನ ಪ್ರೀತಿ ಎಂದು ತಿಳಿದಿದ್ದಾನೆ. ಹಾಗೆ ತಿಳಿಯಲು ಬಿಟ್ಟೆನಲ್ಲ, ಇಷ್ಟು ವರ್ಷ, ನಗುನಗುತ್ತ — ಅದು ಮೊದಲ ತಪ್ಪಿಗಿಂತ ದೊಡ್ಡದು.

ಅದೇ ದಿನ ನಾನು ಒಂದು ಸುಳ್ಳನ್ನೂ ಹೇಳಿದ್ದೆ. ಗಟ್ಟಿಮುಟ್ಟಾಗಿದ್ದ ನಮ್ಮ ಆಯಿಯನ್ನು, ಅಂದರೆ ಅಜ್ಜಿಯನ್ನು, ಹೊಲಹೊಲದಲ್ಲಿ ಸಾಯಿಸುತ್ತ ಓಡಿದ್ದೆ. ಅದು ಗುಟ್ಟೇನಲ್ಲ. ನಿಲಂಗಾದಿಂದ ಉಮರ್ಗಾದವರೆಗೆ ನೆಂಟರಿಷ್ಟರೆಲ್ಲ ಅದನ್ನು ಹೇಳಿ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಾರೆ. ಆ ನಗುವಿನ ಹಿಂದೆಯೇ ನಾನು ಮಾಳಪ್ಪನಿಗೆ ಮಾಡಿದ ಮೋಸವನ್ನು ಬಚ್ಚಿಟ್ಟೆ. ಈಗ ಎರಡನ್ನೂ ಒಟ್ಟಿಗೆ ಹೇಳಿ ಮುಗಿಸುತ್ತೇನೆ.

ಮೊದಲು ಆ ನಕಾಶೆ ಓಟ, ಅಂದರೆ ಭೂನಕ್ಷೆ ಹಿಡಿದು ಓಡುವ ಓಟ, ಏನೆಂದು ಹೇಳಬೇಕು. ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮನ ಕಾಲದ ಗದ್ದಲ ಅಡಗಿ, ಮುಚ್ಚಿದ್ದ ಶಾಲೆಗಳು ಮತ್ತೆ ಬಾಗಿಲು ತೆರೆದಿದ್ದವು. ಉರ್ದುವಿನಲ್ಲಿ ಶುರುವಾದ ನಮ್ಮ ಓದು ನಡುದಾರಿಯಲ್ಲಿ ಮರಾಠಿಗೆ ಹೊರಳಿತ್ತು. ಮನೆಯ ಮಾತು ಕನ್ನಡ. ಇಷ್ಟೆಲ್ಲ ಹೊರಳಾಟದಲ್ಲಿ ವರ್ಷಗಳು ಹಾಳಾಗಿ, ಮೀಸೆ ಬಂದ ಮೇಲೆ ಮ್ಯಾಟ್ರಿಕ್ಕಿಗೆ ಕೂತವರು ನಾವು. ನಿಲಂಗಾದಲ್ಲಿ ಒಂದೇ ಬಾಡಿಗೆ ಖೋಲಿ ಹಿಡಿದು ನಾನೂ ಮಾಳಪ್ಪನೂ ಇದ್ದೆವು. ನಾನು ಔರಾದ ಶಹಾಜನಿಯ ಹತ್ತಿರದ ಹಳ್ಳಿಯ ಲಿಂಗಾಯತರ ಮನೆಯವ, ಹೊಲಮನೆ ಉಳ್ಳವ. ಅವನು ಕುರಿ ಸಾಕುವವರ ಮಗ, ಬೀರಪ್ಪನ ಒಕ್ಕಲು. ಬೆಳಿಗ್ಗೆ ಎದ್ದರೆ ನನ್ನ ಹಣೆಗೆ ವಿಭೂತಿ, ಅವನ ಹಣೆಗೆ ಭಂಡಾರದ ಅರಿಶಿನ. ಕನ್ನಡಿ ಇಬ್ಬರಿಗೂ ಒಂದೇ.

ಆ ವರ್ಷ ನಮ್ಮ ಶಾಲೆಗೆ ಸಾತಾರದ ಕಡೆಯಿಂದ ಒಬ್ಬ ಡ್ರಿಲ್ ಮಾಸ್ತರರು ಬಂದರು. ಫೌಜಿನಲ್ಲಿದ್ದವರು, ಬರ್ಮಾದ ಅಡವಿಯಲ್ಲಿ ನಕಾಶೆ ಹಿಡಿದು ದಾರಿ ಹುಡುಕಿದವರು. ಹಿಮ ಬೀಳುವ ದೇಶಗಳಲ್ಲಿ ಜನ ನಕಾಶೆ ಹಿಡಿದು ಕಾಡಿನಲ್ಲಿ ಓಡುವುದನ್ನೇ ಆಟ ಮಾಡಿಕೊಂಡಿದ್ದಾರೆ ಎಂದು ಯಾರೋ ಗೋರಾ ಸಿಪಾಯಿ ಅವರಿಗೆ ಹೇಳಿದ್ದನಂತೆ. ಅದನ್ನು ಇಲ್ಲಿ, ಜೋಳ ಕಡಲೆಯ ಎರೆ ಹೊಲಗಳಲ್ಲಿ, ನಮ್ಮಿಂದ ಆಡಿಸಬೇಕೆಂದು ಅವರಿಗೆ ಹುಚ್ಚು. ನಮಗೂ ಹಿಡಿಯಿತು.

ಆಟ ಹೀಗೆ. ಮಾಸ್ತರರು ಮೊದಲೇ ಹೋಗಿ ಹಳ್ಳದ ತಿರುವಿನಲ್ಲಿ, ಒಡ್ಡಿನ ಮೂಲೆಯಲ್ಲಿ, ಹಾಳುಬಾವಿಯ ಹತ್ತಿರ ಕೆಂಪು ಬಿಳಿ ಅರಿವೆಯ ನಿಶಾನಿ ಕಟ್ಟಿ ಬರುವರು. ಒಂದೊಂದು ನಿಶಾನಿಗೂ ಒಂದೊಂದು ಬಣ್ಣದ ಪೆನ್ಸಿಲು ದಾರದಲ್ಲಿ ತೂಗುತ್ತಿರುತ್ತದೆ. ನಮ್ಮ ಕೈಯಲ್ಲಿ ತೆಳು ಕಾಗದಕ್ಕೆ ನಕಲು ತೆಗೆದ ನಕಾಶೆ; ನಿಶಾನಿ ಇರುವಲ್ಲಿ ದುಂಡಗೆ ಗುರುತು. ಒಬ್ಬೊಬ್ಬರೇ, ಹೊತ್ತು ಬಿಟ್ಟು ಹೊರಡಬೇಕು. ದಾರಿ ನೀವೇ ಹುಡುಕಬೇಕು. ಎಲ್ಲ ನಿಶಾನಿ ಮುಟ್ಟಿ, ಆ ಪೆನ್ಸಿಲಿನಿಂದ ನಕಾಶೆಯ ಬೆನ್ನಿಗೆ ಗೆರೆ ಎಳೆದುಕೊಂಡು, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಬಂದವ ಗೆದ್ದ.

ನಕಾಶೆಯ ಹೆಸರುಗಳು ಇಂಗ್ಲಿಷಿನಲ್ಲಿ, ನಮಗೆ ಆ ಅಕ್ಷರ ಅಷ್ಟಕ್ಕಷ್ಟೆ. ಆದರೆ ಗೆರೆಗಳಿಗೆ ಭಾಷೆ ಬೇಕಿರಲಿಲ್ಲ. ಗೆರೆ ಒತ್ತೊತ್ತಾಗಿ ಬಂದರೆ ಏರು, ಬಿಡಿಬಿಡಿಯಾದರೆ ಬಯಲು, ಗೆರೆ ಒಳಗೆ ಬಾಗಿದರೆ ಹಳ್ಳ. ಇದು ತಲೆಗೆ ಹತ್ತಿದ ದಿನ ನಾನು ಖೋಲಿಯಲ್ಲಿ ಕುಣಿದಿದ್ದೆ. ಹುಟ್ಟಿದಂದಿನಿಂದ ತುಳಿದ ನೆಲ, ಅಂಗೈಯಗಲ ಕಾಗದದ ಮೇಲೆ ಬಂದು ಕೂತಿತ್ತು!

ತಲೆಗೆ ಹತ್ತಿದ್ದು ಕಾಲಿಗೆ ಹತ್ತಲು ಬಹಳ ದಿನ ಬೇಕಾಯಿತು. ಒಂದು ಭಾನುವಾರ ಮಾಸ್ತರರು ತಮ್ಮ ದಿಕ್ಸೂಚಿಯನ್ನು — ಅವರು ಹೋಕಾಯಂತ್ರ ಎನ್ನುತ್ತಿದ್ದರು — ನನ್ನ ಕೈಗೆ ಕೊಟ್ಟು, ಎಲ್ಲರನ್ನೂ ಮುಂದೆ ನಡೆಸು ಎಂದರು. ನಾನು ದೊಡ್ಡ ಮನುಷ್ಯನಂತೆ ಗಂಟಲು ಸರಿಪಡಿಸಿಕೊಂಡು, ನಿಂತಿದ್ದ ಒಂದು ಬಂಡಿಯ ಹಲಗೆಯ ಮೇಲೆ, ಗಾಲಿಗೆ ಒತ್ತಿ, ನಕಾಶೆ ಹರವಿ, ಅದರ ಮೇಲೆ ದಿಕ್ಸೂಚಿ ಇಟ್ಟು, ಮುಳ್ಳು ನಿಂತ ಕಡೆ ಉತ್ತರ ಎಂದು ಸಾರಿದೆ. ಗಾಲಿಗೆ ಕಬ್ಬಿಣದ ಪಟ್ಟಿ ಇದೆ, ಮುಳ್ಳು ಅದನ್ನು ನೋಡುತ್ತಿದೆ ಎಂದು ನನಗೇನು ಗೊತ್ತು! ಇಡೀ ತಂಡ ನನ್ನ ಹಿಂದೆ ಬಂತು. ಮಾಸ್ತರರು ಕಂಡೂ ಸುಮ್ಮನೆ ಬಂದರು. ಹಳ್ಳದ ನಿಶಾನಿ ಹುಡುಕಲು ಹೊರಟವರು ಉದಗೀರದ ಸಡಕಿಗೆ ಹೋಗಿ ಮುಟ್ಟಿದೆವು. ಆಮೇಲೆ ಬಹಳ ದಿನ ಹುಡುಗರು ದಾರಿಯಲ್ಲಿ ಬಂಡಿ ಕಂಡರೆ ನನಗೆ ತೋರಿಸಿ, ನಿನ್ನ ಉತ್ತರ ಹೊರಟಿದೆ ನೋಡು ಎನ್ನುತ್ತಿದ್ದರು.

ನನಗೆ ಕಾಲಿತ್ತು, ಮಾಳಪ್ಪನಿಗೆ ಕಣ್ಣಿತ್ತು. ನಾನು ಬಾಣದ ಹಾಗೆ ಬಿಟ್ಟು, ಯಾವುದೋ ಊರಿನ ಹೊಲ ಸೇರಿ, ನಕಾಶೆ ತಿರುವಿ ಹಾಕಿ, ಮತ್ತೆ ಓಡಿ ಬರುವವ. ಅವನದು ಒಂದೇ ಸಮನೆಯ ಓಟ. ಹೊರಡುವ ಮುಂಚೆ ನಕಾಶೆ ನೋಡಿ, ತುಟಿಯಲ್ಲೇ ಏನೋ ಹೇಳಿಕೊಂಡು, ಮಡಚಿ ಕೈಯಲ್ಲಿ ಹಿಡಿದರೆ — ತಪ್ಪಿದ್ದೇ ಇಲ್ಲ. ಭಾನುವಾರಗಳಲ್ಲಿ ಅವನೇ ಗೆಲ್ಲುತ್ತಿದ್ದ. ಗೆದ್ದು, ಬಾಯೊಣಗಿ ಬರುವ ನನಗೆ ಲೋಟದಲ್ಲಿ ನೀರು ಹಿಡಿದು ಕಾಯುತ್ತಿದ್ದ.

ಆ ದಿಕ್ಸೂಚಿಯ ಮೇಲೆ ಅವನ ಜೀವವೇ ಇತ್ತು. ಅಂಥದ್ದು ನಮಗೆಲ್ಲಿ ಸಿಗಬೇಕು? ಅದಕ್ಕೆ ತಾನೇ ಒಂದನ್ನು ಮಾಡಿಕೊಂಡಿದ್ದ. ಹಿತ್ತಾಳೆಯ ಸುಣ್ಣದ ಡಬ್ಬಿಯಲ್ಲಿ ನೀರು, ನೀರಿನ ಮೇಲೆ ಬೆಂಡಿನ ಚೂರು, ಅದರ ಮೇಲೆ ಅಯಸ್ಕಾಂತಕ್ಕೆ ತಿಕ್ಕಿದ ಸೂಜಿ. ನಿಂತು ನೋಡಿದರೆ ಉತ್ತರ ಬರೋಬ್ಬರಿ ತೋರಿಸುತ್ತಿತ್ತು. ಓಡಿದರೆ ನೀರು ಚೆಲ್ಲಿ ಅಂಗಿಯೆಲ್ಲ ತೊಯ್ಯುತ್ತಿತ್ತು. ಸೂಜಿ ಕಳೆದುಹೋದಾಗಲೆಲ್ಲ ಅಕ್ಕಪಕ್ಕದ ಮನೆಗಳಲ್ಲಿ ಹೊಲಿಯುವ ಸೂಜಿ ಕೇಳುತ್ತಿದ್ದ. ಈ ಹುಡುಗ ಇಷ್ಟು ಅಂಗಿ ಯಾಕೆ ಹರಿದುಕೊಳ್ಳುತ್ತಾನೆ ಎಂದು ಅವರಿಗೆ ಅಚ್ಚರಿ. ಮಾಸ್ತರರ ದಿಕ್ಸೂಚಿ ಕೈಗೆ ಬಂದ ದಿನ ಅದನ್ನು ಹಿಂದಿರುಗಿಸುವ ಮುಂಚೆ ಧೋತರದ ಅಂಚಿನಿಂದ ಗಾಜು ಒರೆಸಿಯೇ ಕೊಡುತ್ತಿದ್ದ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೆ — ನೋಡಿದ್ದೆನಲ್ಲ, ಅದಕ್ಕೇ ನನ್ನ ತಪ್ಪು ತಿಳಿಯದೆ ಆದದ್ದಲ್ಲ.

ನಮ್ಮ ತಾಲೂಕು ಬೀದರ ಜಿಲ್ಲೆ ಬಿಟ್ಟು ಉಸ್ಮಾನಾಬಾದಿಗೆ ಸೇರುವ ಮುಂಚಿನ ಚಳಿಗಾಲದಲ್ಲಿ ಮಾಸ್ತರರಿಗೆ ಬದಲಿ ಆಯಿತು. ಹೋಗುವ ಮುಂಚೆ ದೊಡ್ಡದೊಂದು ಓಟ ಇಡುತ್ತೇನೆ, ನಿಲಂಗಾ, ಉದಗೀರ, ಉಮರ್ಗಾ ಮೂರೂ ಕಡೆಯ ಹುಡುಗರು ಬರಲಿ ಎಂದರು. ಗೆದ್ದವನಿಗೆ ಆ ದಿಕ್ಸೂಚಿಯೇ ಬಹುಮಾನ. ದಿಕ್ಸೂಚಿ ಯಾರ ಕೈಯಲ್ಲಿದೆಯೋ ಅವನೇ ಮುಂದೆ ಹುಡುಗರಿಗೆ ಓಟ ಕಲಿಸಬೇಕು. ಮಾಳಪ್ಪ ಅಂದು ಊಟಕ್ಕೆ ಕೂತವನು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಕ್ಕ. ನಾನೂ ನಕ್ಕೆ. ಆದರೆ ಒಳಗೆ, ಇದೊಂದು ಸಲ ನಾನೇ ಯಾಕಾಗಬಾರದು ಎಂದು — ಹೂಂ, ಅಲ್ಲಿಂದಲೇ ಶುರು.

ದಿನ ಗೊತ್ತು ಮಾಡುವಾಗ ಮಾಸ್ತರರು ಒಂದು ಎಡವಟ್ಟು ಮಾಡಿದರು. ಅಮಾವಾಸ್ಯೆಯಂದು ಯಾರೂ ನೇಗಿಲು ಹೂಡುವುದಿಲ್ಲ, ಹೊಲಗಳು ಖಾಲಿ ಇರುತ್ತವೆ ಎಂದು ಲೆಕ್ಕ ಹಾಕಿ ಎಳ್ಳಮಾಸಿಯ, ಅಂದರೆ ಎಳ್ಳಮಾವಾಸ್ಯೆಯ, ದಿನವನ್ನೇ ಹಿಡಿದರು. ಸಾತಾರದ ಕಡೆ ಆ ಹಬ್ಬವಿಲ್ಲ, ಅವರಿಗೆ ತಿಳಿಯದು. ನಮ್ಮಲ್ಲಿ ಎಳ್ಳಮಾಸಿ ಎಂದರೆ ಖಾಲಿಯಾಗುವುದು ಊರು. ಮನೆಗೆ ಮನೆಯೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಜೋಳದ ಕಣಿಕೆಯ ದಂಟಿನಿಂದ ಗುಡಿಸಲಿನಂಥ ಕೊಪ್ಪೆ ಕಟ್ಟಿ, ಅದರೊಳಗೆ ಸುಣ್ಣ ಬಳಿದ ಪಾಂಡವರ ಕಲ್ಲು ಕೂಡಿಸಿ, ಕಾಳುಪಲ್ಯೆಯ ಭಜ್ಜಿ, ಸಜ್ಜೆಯ ಉಂಡೆ, ಶೇಂಗಾ ಹೋಳಿಗೆ, ಮಡಕೆಗಟ್ಟಲೆ ಅಂಬಲಿ ಎಡೆ ಮಾಡುತ್ತಾರೆ. ಮತ್ತೆ ಅಂದು ಹೊಲದ ಬದಿ ಹಾದವನು ಯಾರೇ ಇರಲಿ, ಯಾವ ಜಾತಿಯವನೇ ಇರಲಿ, ಪರಿಚಯ ಇರಲಿ ಬಿಡಲಿ, ಉಣ್ಣದೆ ಹೋಗುವ ಹಾಗಿಲ್ಲ. ಉಣ್ಣಿಸದೆ ಬಿಟ್ಟರೆ ಹೊಲಕ್ಕೆ ಏಳಿಗೆ ಇಲ್ಲ. ಮಾಳಪ್ಪ ಮಾಸ್ತರರಿಗೆ ಇದನ್ನು ಬಿಡಿಸಿ ಹೇಳಿದ, ನಮ್ಮನ್ನು ಯಾರೂ ಓಡಗೊಡುವುದಿಲ್ಲ ಎಂದ. ಅವರು ನಕ್ಕು, ಉಣ್ಣುವವರು ಉಣ್ಣಲಿ, ಓಡುವವರು ಓಡಲಿ ಎಂದುಬಿಟ್ಟರು.

ಓಟದ ದಿನ ಬೆಳಿಗ್ಗೆ ಮಾಳಪ್ಪನಿಗೆ ಸಂಭ್ರಮಕ್ಕೆ ಊಟವೇ ಇಳಿಯಲಿಲ್ಲ. ಅವನ ಪಾಲಿನ ರೊಟ್ಟಿಯನ್ನೂ ನಾನೇ ತಿಂದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಚೀಟಿ ಎತ್ತಿದಾಗ ನನ್ನ ಬೆನ್ನ ಹಿಂದೆಯೇ ಮಾಳಪ್ಪನ ಸರದಿ ಬಂತು. ಹೊರಟೆ. ಚಳಿಗೆ ಜೋಳದ ತೆನೆಗಳ ಮೇಲೆಲ್ಲ ಮಂಜು, ಕಡಲೆ ಗಿಡದ ಹುಳಿ ಕಾಲಿಗೆ ಹತ್ತಿ ಉರಿ, ಎಲ್ಲಿ ನೋಡಿದರೂ ಒಲೆಯ ಹೊಗೆ. ಅವತ್ತು ನಕಾಶೆಯೂ ನನ್ನ ಮಾತು ಕೇಳಿತು. ಗೆರೆ ನೋಡಿದೆ, ಏರು ಹತ್ತಿದೆ, ಇಳಿದೆ — ಹಳ್ಳದ ತಿರುವಿನಲ್ಲಿ ಕೆಂಪು ಅರಿವೆ! ನಿಶಾನಿ ಕಂಡಾಗ ಎದೆಯಲ್ಲಿ ಆಗುವ ಆ ಸಂತೋಷವನ್ನು ಹೇಗೆ ಹೇಳಲಿ? ಕಳೆದುಹೋದ ಎಮ್ಮೆ ತಾನಾಗಿ ಹಟ್ಟಿಗೆ ಬಂದ ಹಾಗೆ. ಈ ವಯಸ್ಸಿನಲ್ಲೂ ನೆನೆದರೆ ಕಾಲು ಜುಮ್ಮೆನ್ನುತ್ತದೆ.

ಅಷ್ಟರಲ್ಲಿ ಮುಂದಿನ ಹೊಲದಲ್ಲಿ ಒಂದು ನೋಟ ಕಂಡೆ. ನನಗಿಂತ ಮೊದಲು ಹೊರಟಿದ್ದ ಉದಗೀರದ ಹುಡುಗನನ್ನು ಇಬ್ಬರು ಗಂಡಸರು ರಟ್ಟೆ ಹಿಡಿದು ಕೊಪ್ಪೆಯ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದರು. ಅವನು ನಕಾಶೆ ತೋರಿಸಿ ಏನೋ ಬೇಡಿಕೊಳ್ಳುತ್ತಿದ್ದ. ಅದು ಮರಾಠರ ಹೊಲ. ನನ್ನನ್ನೂ ಕಂಡರು, ಉಂಡೇ ಹೋಗಬೇಕೆಂದು ಕೈ ಬೀಸಿ ಕರೆದರು. ನಿಂತರೆ ಕೆಟ್ಟೆ. ಬಾಯಿಗೆ ಬಂದದ್ದನ್ನು ಕೂಗಿದೆ —

“ಸುತಕ ಆಹೆ ಹೋ! ಆಜಿ ಗೇಲಿ!”

ಸೂತಕ ಇದೆ, ಅಜ್ಜಿ ಸತ್ತಳು ಎಂದು. ಸಾವಿನ ಸೂತಕದವನನ್ನು ಎಡೆಯ ಹತ್ತಿರ ಯಾರು ಕರೆದಾರು? ಎತ್ತಿದ ಕೈಗಳು ಅಲ್ಲೇ ಇಳಿದವು. ಪಾಪ, ಒಬ್ಬ ಮುದುಕ ರುಮಾಲನ್ನೂ ತೆಗೆದ. ಸೂತಕದವನು ಚಡ್ಡಿ ಹಾಕಿಕೊಂಡು ಯಾಕೆ ಓಡುತ್ತಿದ್ದಾನೆ ಎಂದು ಯಾರೂ ಕೇಳಲಿಲ್ಲ. ಮುಂದಿನ ಹೊಲದಲ್ಲೂ ಆಯಿಯನ್ನು ಸಾಯಿಸಿದೆ, ಅದರ ಮುಂದಿನದರಲ್ಲೂ. ಪ್ರತಿ ಸಲವೂ ಸಾವು ಮೊದಲಿಗಿಂತ ಸಲೀಸಾಯಿತು. ಓಡುತ್ತ ಓಡುತ್ತ ನಗು ತಡೆಯಲಾರದೆ ಪಕ್ಕೆ ಹಿಡಿದುಕೊಂಡಿತು.

ಹೀಗೇ ಕೂಗುತ್ತ ನೀಲಮ್ಮನ ಹೊಲಕ್ಕೆ ನುಗ್ಗಿದೆ. ಅವಳ ಹೆಸರು ಆಗ ನನಗೆ ಗೊತ್ತಿರಲಿಲ್ಲ. ಕೊಪ್ಪೆಯ ಮುಂದೆ ಅಂಬಲಿಯ ಮಡಕೆ ಇಟ್ಟುಕೊಂಡು ಕೂತ ಮುದುಕಿ, ಹಣೆ ತುಂಬ ವಿಭೂತಿ. ಸುತ್ತ ಮಕ್ಕಳು ಸೊಸೆಯಂದಿರು. ಸೂತಕ ಅದರೀ ಎಂದು ನಾನು ಕೂಗಿದ್ದಕ್ಕೆ ಅವಳು ಎದ್ದೇ ಬಂದಳು, ದಾರಿಗೆ ಅಡ್ಡ ನಿಂತಳು. ಓಟದ ರಭಸಕ್ಕೆ ನನ್ನ ಅಂಗಿಯಿಂದ ಹೊರಗೆ ಬಂದು ಕುಣಿಯುತ್ತಿದ್ದ ಲಿಂಗದ ಕರಡಿಗೆಯನ್ನು ಬೆರಳಲ್ಲಿ ಹಿಡಿದಳು.

“ಕೊಳ್ಳಾಗ ಲಿಂಗ ಅದ, ಬಾಯಾಗ ಸೂತಕ ಅಂತಿ. ನಮ್ಮವರಿಗಿ ಎಲ್ಲೀ ಸೂತಕೋ ತಮ್ಮಾ? ನಿಮ್ಮ ಆಯಿ ಲಿಂಗದಾಗ ಬೆರತಾಳ. ಬಾ, ಕುಂದ್ರು.”

ಆಯಿತಲ್ಲ! ಲಿಂಗಾಯತರ ಮನೆಯಲ್ಲಿ ಹುಟ್ಟಿ, ಲಿಂಗವಂತರಿಗೆ ಸೂತಕವಿಲ್ಲ ಎಂಬುದನ್ನೇ ಮರೆತು, ಲಿಂಗಾಯತರ ಹೊಲದಲ್ಲೇ ಸೂತಕ ಎಂದು ಕೂಗಿದ್ದೆ. ಯಾರ ಮಗ ಎಂದು ಕೇಳಿದಳು, ಗಾಬರಿಯಲ್ಲಿ ಇದ್ದ ಹೆಸರು ಇದ್ದ ಊರು ಹೇಳಿಬಿಟ್ಟೆ. ಅವಳ ಇಬ್ಬರು ಗಂಡುಮಕ್ಕಳು ಎದ್ದು ಕೈ ಒರೆಸಿಕೊಂಡು ಬರುತ್ತಿದ್ದರು. ಹಿಂದಿರುಗಿ ನೋಡಿದೆ. ಏರಿನ ಮೇಲೆ ಜೋಳದ ತೆನೆಗಳ ನಡುವೆ ಮಾಳಪ್ಪನ ಬಿಳಿ ಟೋಪಿ ಕಂಡಿತು. ಅದೇ ಒಂದೇ ಸಮನೆಯ ಓಟ. ಯಾವ ಹೊಲದಲ್ಲಿ ಹೇಗೆ ತಪ್ಪಿಸಿಕೊಂಡನೋ, ಒಡ್ಡಿನ ಮರೆಯಲ್ಲಿ ಬಂದಿರಬೇಕು — ನಕಾಶೆಯಲ್ಲಿ ಒಡ್ಡುಗಳನ್ನು ಅವನಷ್ಟು ಚೆನ್ನಾಗಿ ಯಾರು ನೋಡಿದ್ದರು! ಹೊರಟ ಅಂತರವನ್ನೆಲ್ಲ ಮುಚ್ಚಿಕೊಂಡು ಬರುತ್ತಿದ್ದ. ಇನ್ನೊಂದು ಗಳಿಗೆಯಲ್ಲಿ ನನ್ನನ್ನು ದಾಟುತ್ತಾನೆ, ದಿಕ್ಸೂಚಿ ಅವನದಾಗುತ್ತದೆ. ಆಗ ಆ ಮಾತು ಆಡಿದೆ.

“ಆಯಿ, ನನಗ ಬಿಡ್ರಿ. ನನ್ನ ಹಿಂದ ಒಬ್ಬಾಂವ ಬರ್ಲತ್ಯಾನ, ಮಾಳಪ್ಪಂತ. ಮುಂಜಾನಿಲಿಂದ ಉಂಡಿಲ್ಲ ಅಂವಾ. ನಾಚ್ಕಿ ಮನಿಶಾ, ಬ್ಯಾಡ ಬ್ಯಾಡ ಅಂತಾನ. ಎಷ್ಟು ಬ್ಯಾಡ ಅಂದ್ರೂ ಹೊಟ್ಟಿ ತುಂಬ ಉಣಸದ ಬಿಡಬ್ಯಾಡ್ರಿ.”

ಅವಳು ಕರಡಿಗೆ ಬಿಟ್ಟಳು. ನನ್ನ ಮುಖವನ್ನೇ ನೋಡಿದಳು — ಆ ಕಣ್ಣಲ್ಲಿ ನೀರು ಬಂದಿತ್ತು. ನೀ ಹೋಗು ಮಗಾ, ಅಂವಗ ನಾ ನೋಡ್ಕೋತೀನಿ ಎಂದಳು. ನಾನು ಓಡಿದೆ. ತನ್ನ ಆಯಿ ಸತ್ತ ದುಃಖದಲ್ಲೂ ಗೆಳೆಯನ ಹೊಟ್ಟೆ ನೆನೆಯುವ ಹುಡುಗ ಎಂದು ಅವಳು ಸೊಸೆಯಂದಿರಿಗೆ ಹೇಳುವುದು ಬೆನ್ನಿಗೆ ಕೇಳಿಸಿತು. ಕೇಳಿಸಿಯೂ ಓಡಿದೆ.

ಮಾಳಪ್ಪನ ಬಾಯಲ್ಲಿ ಆ ಕಥೆ ಕೇಳಬೇಕು ನೀವು. ಮುದುಕಿ ಮೊದಲು ಅವನ ಕೈಯಿಂದ ನಕಾಶೆ ಕಸಿದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ. ಆಚೆ ಒಬ್ಬ ಮಗ, ಈಚೆ ಒಬ್ಬ ಮಗ, ನಡುವೆ ಇವನು. ಭಜ್ಜಿ ಮುಗಿದರೆ ಉಂಡೆ, ಉಂಡೆ ಮುಗಿದರೆ ಹೋಳಿಗೆ, ಏಳಹೋದರೆ ಅಂಬಲಿ. ಓಟ ಅದರೀ ಆಯಿ ಎಂದರೆ, ಓಟ ಎಲ್ಲಿಗೆ ಓಡಿ ಹೋಗುತ್ತದೆ, ಉಣ್ಣು ಎಂದಳಂತೆ. ಕೊನೆಗೆ ಅವನು ಹೊಟ್ಟೆ ಬಡಿದು ತೋರಿಸಿ, ಡೊಳ್ಳಿನ ಹಾಗೆ ಸದ್ದು ಬಂದ ಮೇಲೆಯೇ ನಕಾಶೆ ಕೊಟ್ಟಳಂತೆ. ಇದನ್ನು ಹೇಳುವಾಗ ಅವನು ಹೊಟ್ಟೆ ಬಡಿಯುವುದನ್ನು ನೋಡಿ ನಗದವರನ್ನು ನಾನು ಕಂಡಿಲ್ಲ.

ಆಲದ ಮರದ ಕೆಳಗೆ ಮಾಸ್ತರರು ಗಡಿಯಾರ ಹಿಡಿದು ಕಾಯುತ್ತಿದ್ದರು. ಮೊದಲು ಬಂದವ ನಾನು. ಸುಳ್ಳು ಹೇಳುವುದಿಲ್ಲ — ಸಂತೋಷದಿಂದ ಕೂಗಿದೆ, ಮಣ್ಣಿನಲ್ಲಿ ಉರುಳಾಡಿದೆ. ಆಮೇಲೆ ಸ್ವಲ್ಪ ಹೊತ್ತು ಯಾರೂ ಇಲ್ಲ. ಉದಗೀರದ ಹುಡುಗ ಎಲ್ಲೋ ಕೊಪ್ಪೆಯ ನೆರಳಲ್ಲಿ ಮಲಗಿಬಿಟ್ಟಿದ್ದನಂತೆ. ಉಮರ್ಗಾದವನೊಬ್ಬ ಯಾರದೋ ಬಂಡಿಯಲ್ಲಿ, ಅವರ ಮಕ್ಕಳ ನಡುವೆ ಕೂತು, ಕೈಯಲ್ಲಿ ಹೋಳಿಗೆಯ ಗಂಟು ಹಿಡಿದು ಸಂಜೆಗೆ ಬಂದ. ಮಾಸ್ತರರು ತಲೆ ಮೇಲೆ ಕೈ ಹೊತ್ತು ಕೂತರು, ಆಮೇಲೆ ಅವರೂ ನಗಲು ಶುರುಮಾಡಿದರು.

ಮಾಳಪ್ಪ ಎರಡನೆಯವನಾಗಿ ಬಂದ. ಹೊಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು, ತೇಗುತ್ತ, ಆದರೂ ಓಡುತ್ತ. ಎಲ್ಲ ಬಣ್ಣದ ಗೆರೆಯೂ ಸರಿಯಾಗಿತ್ತು. ಮಾಸ್ತರರು ಹೊರಟ ಹೊತ್ತಿನ ಅಂತರ ಕಳೆದು ಲೆಕ್ಕ ಹಾಕಿದರೆ ನನಗೂ ಅವನಿಗೂ ಅಂತರ ಒಂದು ಬೀಡಿ ಸೇದುವಷ್ಟು ಹೊತ್ತು. ಅಷ್ಟು ಊಟ ಮಾಡಿ, ಅಷ್ಟೇ ತಡ! ಎಲ್ಲರೂ ನಕ್ಕರು. ನನಗೆ ಮಾತ್ರ ಆ ಲೆಕ್ಕ ಪೂರ್ತಿ ತಿಳಿಯಿತು.

ದಿಕ್ಸೂಚಿ ನನ್ನ ಕೈಗೆ ಬಂತು. ಮಾಳಪ್ಪ ಹತ್ತಿರ ಬಂದು ಒಂದು ಸಲ ಕೊಡು ಎಂದು ಕೇಳಿ ತೆಗೆದುಕೊಂಡ. ಮುಳ್ಳು ನಿಲ್ಲುವವರೆಗೆ ನೋಡಿದ. ಓಟದ ಚಡ್ಡಿಯಲ್ಲಿದ್ದ, ಧೋತರವಿರಲಿಲ್ಲ; ಅಂಗಿಯ ತುದಿಯಿಂದ ಗಾಜು ಒರೆಸಿ ನನಗೆ ಕೊಟ್ಟ. ಚಲೋ ಆತು ಬಿಡು, ನಮ್ಮ ಖೋಲ್ಯಾಗೇ ಉಳೀತು ಎಂದ.

ಅಲ್ಲಿಂದ ನಡೆದು ಬರುವಾಗ ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. ನೀಲಮ್ಮ ಅವನಿಗೆ ಎಲ್ಲ ಹೇಳಿದ್ದಳು.

“ಶಿವಲಿಂಗ್ಯಾ, ಗೆಲ್ಲೂ ಹೊತ್ತಿನ್ಯಾಗೂ ನನ್ನ ಹಸಿವಿ ನೆನಸಿದ್ಯಲ್ಲೋ.”

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಅವನು ನನ್ನ ಬೆನ್ನಿಗೆ ಎರಡು ಗುದ್ದಿ, ದಿಕ್ಸೂಚಿ ಕಿತ್ತುಕೊಂಡು, ಊರು ಮುಟ್ಟುವುದರೊಳಗೆ ನಗುತ್ತಿದ್ದನೇನೋ. ಬಾಯಿ ತೆರೆದೆ. ಬಂದದ್ದು ಇ‌ಷ್ಟೇ — “ಅದರಾಗೇನದ ಬಿಡು.”

ಮೊದಲ ಮಾತು ಓಟದ ಬಿಸಿಯಲ್ಲಿ ಆಡಿದ್ದು. ಈ ಮಾತು ಆರಾಮಾಗಿ ನಡೆಯುತ್ತ, ಅವನ ಕೈ ನನ್ನ ಹೆಗಲ ಮೇಲಿರುವಾಗ ಆಡಿದ್ದು.

ಮರುದಿನ ನೀಲಮ್ಮ ಬಂಡಿ ಕಟ್ಟಿಸಿಕೊಂಡು, ಸೊಸೆಯಂದಿರನ್ನು ಕರೆದುಕೊಂಡು, ನಮ್ಮ ಹಳ್ಳಿಗೆ ಸಾವಿನ ಮನೆಯವರನ್ನು ಮಾತಾಡಿಸಲು ಹೋದಳು. ಅಂಗಳದಲ್ಲಿ ನಮ್ಮ ಆಯಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಸತ್ತವರು ಯಾರು ಎಂದು ಇವರು, ಯಾರೂ ಇಲ್ಲವಲ್ಲ ಎಂದು ಆಯಿ. ಕೊನೆಗೆ ಎಲ್ಲ ಬಯಲಾಯಿತು. ಆಯಿ ಮೊರ ಕೆಳಗಿಟ್ಟು ಕೇಳಿದ್ದು ಒಂದೇ, ಓಟದಾಗ ಎಷ್ಟನೇ ನಂಬರ್ ಬಂದ ಎಂದು. ಮೊದಲನೆಯವ ಎಂದು ತಿಳಿದ ಮೇಲೆ, “ಹಂಗಾದ್ರ ನಾ ಸತ್ತದ್ದು ದಂಡ ಆಗಲಿಲ್ಲ ಬಿಡು” ಎಂದಳು. ಇಬ್ಬರು ಮುದುಕಿಯರೂ ಅಂದಿನಿಂದ ಗೆಳತಿಯರಾದರು, ಔರಾದದ ಸಂತೆಯಲ್ಲಿ ಕೂಡಿದಾಗಲೆಲ್ಲ ನನ್ನ ಹೆಸರು ಹಿಡಿದು ನಗುತ್ತಿದ್ದರು. ನೀಲಮ್ಮ ನನ್ನ ಸೂತಕದ ಸುಳ್ಳನ್ನು ಮಾಫು ಮಾಡಿದಳು. ಮಾಳಪ್ಪನ ಬಗ್ಗೆ ಆಡಿದ್ದು ಸುಳ್ಳಲ್ಲವಲ್ಲ, ಅವನು ನಿಜಕ್ಕೂ ಹಸಿದಿದ್ದ. ಹಾಗಾಗಿ ಆ ಮಾತಿಗೆ ಯಾರೂ ಕೈ ಹಚ್ಚಲಿಲ್ಲ. ನಿಜದ ಮಾತನ್ನೇ ಹಿಡಿದು ಮೋಸ ಮಾಡಿದ್ದೆ, ಸಿಕ್ಕಿಬೀಳುವುದು ಹೇಗೆ?

ಮಾಸ್ತರರು ಹೋದ ಮೇಲೆ ಹುಡುಗರಿಗೆ ಓಟ ಕಲಿಸುವ ಕೆಲಸ ನನ್ನದಾಯಿತು. ದಿಕ್ಸೂಚಿ ನನ್ನ ಕೊರಳಲ್ಲಿ, ನಿಶಾನಿ ಕಟ್ಟುವ ಕೆಲಸ ಮಾಳಪ್ಪನದು. ನಾನು ದಾರಿ ಹೇಳಿ ಕಳಿಸಿದ ಹುಡುಗರು ಶಿರೂರ ಅನಂತಪಾಳದ ಕಡೆ ಹೋಗಿ ಕಳೆದುಹೋಗುವುದು, ಅವನು ಹೋಗಿ ಹುಡುಕಿ ತರುವುದು. ಎಷ್ಟು ನಕ್ಕಿದ್ದೇವೆ ಆ ವರ್ಷಗಳಲ್ಲಿ! ನಮ್ಮ ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಕೊನೆಗೆ ಮಹಾರಾಷ್ಟ್ರವಾಯಿತು. ಭಾನುವಾರ ಬಂದರೆ ನಮ್ಮ ಕೆಂಪು ಬಿಳಿ ಅರಿವೆ ಮಾತ್ರ ಅದೇ ಹಳ್ಳದಲ್ಲಿ. ಆ ಮುಂದಾಳುತನ ಅವನದಾಗಿದ್ದರೆ ಆಟ ಇನ್ನೂ ಬೆಳೆಯುತ್ತಿತ್ತೋ ಏನೋ. ನನ್ನ ಕೈಯಲ್ಲಿ ಅದು ನಗುವಿನಲ್ಲೇ ಕರಗಿ ನಿಂತಿತು. ನಾನು ಮಾಸ್ತರನಾಗಿ ಉಮರ್ಗಾಕ್ಕೆ ಬಂದೆ, ಅವನು ಗುಂಜೋಟಿಯಲ್ಲಿ ಹೊಲ, ಕುರಿ, ಮಕ್ಕಳು ಮರಿ ಎಂದು ನೆಲೆಯೂರಿದ.

ಅವನ ಮದುವೆಯಲ್ಲಿ ದಿಕ್ಸೂಚಿಯನ್ನು ಉಡುಗೊರೆಯಾಗಿ ಆಯೇರಿ ಮಾಡಹೋದೆ. ನೀ ಗೆದ್ದದ್ದು ನಾ ಹ್ಯಾಂಗ ತಗೊಳ್ಳಲಿ ಎಂದು ಕೈ ಹಿಂದೆಗೆದ. ನಿಜ ಹೇಳದೆ ಕೊಟ್ಟು ಹಗುರಾಗಬೇಕೆಂದಿದ್ದೆ, ಅವನು ಆಗಗೊಡಲಿಲ್ಲ. ಈಗಲೂ ಮನೆಗೆ ಬಂದರೆ ಚಹಾ ಕುಡಿಯುವ ಮುಂಚೆ ಮಾಡಿನ ಕಡೆ ಕೈ ಹೋಗುತ್ತದೆ. ಮುಳ್ಳು ನಿಲ್ಲುವವರೆಗೆ ನೋಡುತ್ತಾನೆ, ಗಾಜು ಒರೆಸಿ ಇಡುತ್ತಾನೆ.

ನೀಲಮ್ಮ ಇರುವವರೆಗೆ ಪ್ರತಿ ಎಳ್ಳಮಾಸಿಗೂ ಅವನು ಅವಳ ಹೊಲಕ್ಕೆ ಹೋಗಿ ಉಂಡು ಬರುತ್ತಿದ್ದ. ಅವಳು ಹೋದ ಮೇಲೆ ಗುಂಜೋಟಿಯ ತನ್ನ ಹೊಲದಲ್ಲಿ ಅವಳ ಹಾಗೆಯೇ ದಾರಿಗೆ ಅಡ್ಡ ನಿಂತು ಹೋಗುವವರನ್ನು ಹಿಡಿದು ಉಣ್ಣಿಸುತ್ತಾನೆ. ನನಗಾಗಿ ಒಂದು ಕಂಚಿನ ತಾಟು ಬೇರೆ ಇಟ್ಟಿದ್ದಾನೆ. ಎಲ್ಲರ ಮುಂದೆ ಆ ಕಥೆ ಹೇಳುತ್ತಾನೆ, ಹೊಟ್ಟೆ ಬಡಿಯುತ್ತಾನೆ, ಕೊನೆಗೆ ನನ್ನ ಕಡೆ ಬೆರಳು ಮಾಡಿ, ಗೆಳೆಯ ಎಂದರೆ ಇಂಥವನಿರಬೇಕು ಎನ್ನುತ್ತಾನೆ. ನಾನು ತಾಟಿಗೆ ತಲೆ ಬಗ್ಗಿಸಿ ಉಣ್ಣುತ್ತೇನೆ. ರುಚಿಯಾಗಿಯೇ ಇರುತ್ತದೆ, ಅದೇ ನಾಚಿಕೆ.

ಹೋದ ಎಳ್ಳಮಾಸಿಯಲ್ಲಿ ಅವನ ಕಿರಿಯ ಸೊಸೆ, ಹೊಸದಾಗಿ ಬಂದವಳು, ಈ ಕಥೆಯನ್ನು ಮೊದಲ ಸಲ ಕೇಳಿದಳು. ಎಲ್ಲರೂ ನಕ್ಕ ಮೇಲೆ ಅಂಬಲಿ ಬಡಿಸುತ್ತ ಮೆಲ್ಲಗೆ ಕೇಳಿದಳು —

“ಕಾಕಾ, ಮಾವಾರು ಉಂಡಿಲ್ಲಂತ ಮುಂಜಾನೇ ಗೊತ್ತಿತ್ತಲ್ಲರೀ. ಖೋಲ್ಯಾಗೇ ಯಾಕ ಉಣಸಲಿಲ್ಲ?”

ಅವಳು ಏನೂ ಚುಚ್ಚಿ ಕೇಳಲಿಲ್ಲ. ತಿಳಿಯದೆ ಕೇಳಿದಳು. ಮಾಳಪ್ಪ ಗಹಗಹಿಸಿ ನಕ್ಕು, ಅಂವಾ ನನ್ನ ಪಾಲಿಂದೂ ತಿಂದಿದ್ದ ಎಂದ. ಮತ್ತೆ ಎಲ್ಲರೂ ನಕ್ಕರು. ಅವಳು ನನ್ನ ಉತ್ತರಕ್ಕೆ ಸೌಟು ಹಿಡಿದು ನಿಂತೇ ಇದ್ದಳು. ನಾನು ಅಂಬಲಿಗೆ ತಾಟು ಮುಂದೆ ಮಾಡಿದೆ. ಇಷ್ಟು ವರ್ಷದಲ್ಲಿ ಆ ಕಥೆಯನ್ನು ಸರಿಯಾಗಿ ಕೇಳಿದವಳು ಅವಳೊಬ್ಬಳೇ.

ಅಂದಿನಿಂದ ನಾನು ಮನಸ್ಸಿನಲ್ಲೇ ವಕೀಲಿಕೆ ಮಾಡಿ ನೋಡಿದೆ. ಆ ಊಟದಿಂದ ಅವನಿಗೊಬ್ಬ ಆಯಿ ಸಿಕ್ಕಳು, ಹಬ್ಬ ಸಿಕ್ಕಿತು, ಜೀವಮಾನಕ್ಕೆ ಸಾಲುವಷ್ಟು ನಗು ಸಿಕ್ಕಿತು, ಕೆಟ್ಟದ್ದೇನಾಯಿತು ಎಂದು. ಆದರೆ ಅವೆಲ್ಲ ಮಾಳಪ್ಪ ತಾನೇ ಮಾಡಿಕೊಂಡ ಒಳ್ಳೆಯದು. ನಾನು ಮಾಡಿದ್ದು ದಾರಿಗೆ ಅಡ್ಡ ಹಾಕಿದ್ದು, ಅಷ್ಟೇ.

ಮತ್ತೆ ಎಳ್ಳಮಾಸಿ ಬರುತ್ತಿದೆ. ಮಾಳಪ್ಪ ಆಗಲೇ ಆಳಿನ ಕೈಲಿ ಹೇಳಿ ಕಳಿಸಿದ್ದಾನೆ, ಬೇಗ ಬಾ ಎಂದು. ಈ ಸಲ ಹೋಗುವುದಿಲ್ಲ. ಕಂಚಿನ ತಾಟು ಇಟ್ಟುಕೊಂಡು ದಾರಿ ನೋಡುತ್ತಾನೆ, ಸಿಟ್ಟಾಗುತ್ತಾನೆ, ಆಗಲಿ. ಎಳ್ಳಮಾಸಿಯಂದು ಹೋಗಿ ಹೇಳಿದರೆ, ಕೇಳಿಯೂ ಅವನು ನನ್ನನ್ನು ಉಣ್ಣದೆ ಕಳಿಸುವ ಹಾಗಿಲ್ಲ. ಹಬ್ಬದ ಬಲದಿಂದ ಅವನನ್ನು ಒಂದು ಸಲ ಕಟ್ಟಿಹಾಕಿದ್ದೇನೆ, ಎರಡನೆಯ ಸಲ ಬೇಡ.

ಮರುದಿನ ಹೋಗುತ್ತೇನೆ. ಕೊಪ್ಪೆ ಬಿಚ್ಚಿರುತ್ತಾರೆ, ಒಲೆ ಆರಿರುತ್ತದೆ, ಎಂದಿನ ದಿನ. ಸೊಸೆಯೂ ಎದುರಿಗಿರಲಿ, ಅವಳಿಗೂ ಉತ್ತರ ಬಾಕಿ ಇದೆ. ದಿಕ್ಸೂಚಿಯನ್ನು ಅವನ ಕೈಯಲ್ಲಿಟ್ಟು, ನೀ ಗೆದ್ದದ್ದು ಎಂದು, ಯಾಕೆಂದೂ ಹೇಳುತ್ತೇನೆ. ಹೇಳಿ ಮುಗಿಸುವವರೆಗೆ ಕೂರುವುದಿಲ್ಲ. ಅದಾದ ಮೇಲೆ ಕುಂದ್ರು, ಉಣ್ಣು ಎನ್ನುತ್ತಾನೋ, ಎದ್ದು ಹೋಗು ಎನ್ನುತ್ತಾನೋ — ಆ ದಿನ ಅವನು ಎರಡರಲ್ಲಿ ಯಾವುದನ್ನಾದರೂ ಅನ್ನಬಹುದು.